ದೇಹ ಫ್ರೀಜ್ ಮಾಡಿಟ್ಟರೆ ಮುಂದೆ ಮತ್ತೆ ಬದುಕಬಹುದಾ?

ಓದುಗರ ಪ್ರಶ್ನೆ: ಅಮೆರಿಕದಲ್ಲಿ ಸತ್ತವರ ದೇಹವನ್ನು ಫ್ರೀಜ್ ಮಾಡಿ ಇಡುತ್ತಾರಂತೆ. ಮುಂದೆ ಬದುಕಿಸೋಕೆ ಆಗುತ್ತಾ? ಅಥವಾ ಸುಮ್ನೆ ದುಡ್ಡು ಮಾಡುವ ದಂಧೆಯಾ?

ಇಡುವುದಂತೂ ನಿಜ. ಇದಕ್ಕೆ ಕ್ರಯಾನಿಕ್ಸ್ ಅಂತಾರೆ. ಜೇಮ್ಸ್ ಬೆಡ್‌ಫರ್ಡ್ ಎಂಬ ಪ್ರೊಫೆಸರ್ 1967ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರ ದೇಹ ಅರಿಜೋನಾದ ಆಲ್ಕೋರ್ ಸಂಸ್ಥೆಯಲ್ಲಿದೆ. ಎದ್ದು ಬಂದವರು ಮಾತ್ರ ಈವರೆಗೆ ಒಬ್ಬರೂ ಇಲ್ಲ.

ಇಲ್ಲಿ ದೊಡ್ಡ ಶತ್ರು ಐಸು. ನೀರು ಹೆಪ್ಪುಗಟ್ಟಿದರೆ ಅದರ ಹರಳುಗಳು ಜೀವಕೋಶಗಳನ್ನು ಹಾಳು ಮಾಡುತ್ತವೆ. ಹಾಗಾಗಿ ಡಾಕ್ಟರು ಸಾವು ಖಚಿತಪಡಿಸಿದ ಕೂಡಲೇ ದೇಹವನ್ನು ತಣ್ಣಗೆ ಮಾಡಿ, ರಕ್ತದ ಜಾಗಕ್ಕೆ ಐಸು ಕಟ್ಟದಂತೆ ತಡೆಯುವ ದ್ರಾವಣ ತುಂಬುತ್ತಾರೆ. ಆಮೇಲೆ ಮೈನಸ್ 196 ಡಿಗ್ರಿಯ ದ್ರವ ಸಾರಜನಕ ತುಂಬಿದ ಎತ್ತರದ ಸ್ಟೀಲ್ ತೊಟ್ಟಿಯಲ್ಲಿ ತಲೆಕೆಳಗಾಗಿ ಇಳಿಸುತ್ತಾರೆ. ತಲೆಕೆಳಗೆ ಯಾಕೆ ಗೊತ್ತಾ? ಸಾರಜನಕ ಸೋರಿ ಮಟ್ಟ ಇಳಿದರೆ ಮೊದಲು ಕಾಲು ಹಾಳಾಗಲಿ, ಮಿದುಳು ಕೊನೆಯವರೆಗೂ ಉಳಿಯಲಿ ಅಂತ!

ಮಿನ್ನೆಸೋಟಾ ವಿಶ್ವವಿದ್ಯಾಲಯದವರು 2023ರಲ್ಲಿ ಹೀಗೆ ಕಾಪಾಡಿಟ್ಟ ಇಲಿಯ ಕಿಡ್ನಿಯನ್ನು ಮತ್ತೆ ಬೆಚ್ಚಗೆ ಮಾಡಿ, ಇನ್ನೊಂದು ಇಲಿಗೆ ಜೋಡಿಸಿದರು. ಅದು ಕೆಲಸ ಮಾಡಿತು. ಆದರೆ ಇಲಿಯ ಕಿಡ್ನಿ ಎಲ್ಲಿ, ನೆನಪು ತುಂಬಿರುವ ಮನುಷ್ಯನ ಮಿದುಳೆಲ್ಲಿ?

ದಂಧೆ ಅಂತ ಸಾರಾಸಗಟಾಗಿ ತಳ್ಳಿಹಾಕಲಾರೆ. ಎಷ್ಟೋ ಜನ ಇದನ್ನು ನಂಬಿಯೇ ಮಾಡುತ್ತಿದ್ದಾರೆ. ನನ್ನ ತಕರಾರು ಬೇರೆ. ಸತ್ತವರಿಗೆ ಕೊಟ್ಟ ಮಾತನ್ನು ನೂರಾರು ವರ್ಷ ನಡೆಸಿಕೊಡುವವರು ಯಾರು? ಕ್ಯಾಲಿಫೋರ್ನಿಯಾದ ಚಾಟ್ಸ್‌ವರ್ತ್ ಸ್ಮಶಾನದಲ್ಲಿ ಇಟ್ಟಿದ್ದ ಒಂಬತ್ತು ದೇಹಗಳು 1970ರ ದಶಕದಲ್ಲೇ ಕರಗಿ ಕೊಳೆತವು. ಕಾರಣ ಇಷ್ಟೇ, ದುಡ್ಡು ಮುಗಿದಿತ್ತು. ಮನೆಯವರು ಕೋರ್ಟಿಗೆ ಹೋದರು.

ಇನ್ನೊಂದು ಕೇಸು 2016ರದ್ದು, ಲಂಡನ್ನಿನ ಹೈಕೋರ್ಟಿನದು. ಕ್ಯಾನ್ಸರ್ ಇದ್ದ 14 ವರ್ಷದ ಹುಡುಗಿ ತನ್ನ ದೇಹವನ್ನು ಹೀಗೆ ಇಡಬೇಕೆಂದು ಕೇಳಿಕೊಂಡಳು. ತಾಯಿ ಅವಳ ಪರ. ಬೇರೆಯಾಗಿದ್ದ ತಂದೆಗೆ ಅಳುಕು: ಇನ್ನೂರು ವರ್ಷದ ಮೇಲೆ ಎದ್ದರೂ ನೆಂಟರಿಲ್ಲ, ನೆನಪು ಉಳಿದಿರುತ್ತೋ ಇಲ್ಲವೋ, ಆ ವಯಸ್ಸಿಗೆ ಒಬ್ಬಳೇ ಅಮೆರಿಕದಲ್ಲಿ ಏನು ಮಾಡ್ತಾಳೆ? ಕ್ರಯಾನಿಕ್ಸ್ ಸರಿಯೋ ತಪ್ಪೋ ಅನ್ನೋ ತಂಟೆಗೆ ಜಡ್ಜ್ ಹೋಗಲಿಲ್ಲ. ದೇಹದ ನಿರ್ಧಾರ ತಾಯಿಯದು ಅಂದರು. ಮಗಳ ಕೊನೆಯ ದಿನ ತಾಯಿಯ ಗಮನ ಸಾವಿನ ನಂತರದ ಏರ್ಪಾಡಿನ ಮೇಲೇ ಇತ್ತು ಅನ್ನೋದು ಆಸ್ಪತ್ರೆಯವರ ಬೇಸರ.

ದೊಡ್ಡವರು ತಿಳಿದು, ತಮ್ಮ ದುಡ್ಡಲ್ಲಿ ಮಾಡಿಸಿಕೊಂಡರೆ ನಾನು ಬೇಡ ಅನ್ನಲ್ಲ. ಆದರೆ ಸಾಯುತ್ತಿರುವ ಮಗುವಿನ ಮನೆಯವರಿಗೆ ಇದನ್ನು ಮಾರುವವರ ಮೇಲೆ ಕಾನೂನಿನ ಕಣ್ಣಿರಬೇಕು. ಇದಕ್ಕೆ ನಿಯಮ ಬೇಕೇ ಎಂದು ಸರ್ಕಾರ ಯೋಚಿಸಲಿ ಅಂತ ಆ ಜಡ್ಜ್ ಕೂಡ ಸೂಚಿಸಿದ್ದರು.