ದುಡಿಮೆ ಶಿಲ್ಲಿಂಗ್‌ನಲ್ಲಿ, ಕಂತು ಡಾಲರ್‌ನಲ್ಲಿ

ಸಾಲದ ಕರಾರು ಓದುವುದು ನನ್ನ ಕೆಲಸ. ರಸ್ತೆ, ಸೇತುವೆ, ವಿದ್ಯುತ್ ಸ್ಥಾವರ ಅಂತ ಯಾರಾದರೂ ದಪ್ಪ ಫೈಲು ತಂದಿಟ್ಟರೆ ನಾನು ಮೊದಲು ನಕ್ಷೆ ಬಿಚ್ಚುವುದಿಲ್ಲ. ಆದಾಯ ಯಾವ ಕರೆನ್ಸಿಯಲ್ಲಿ ಬರುತ್ತದೆ, ಕಂತು ಯಾವುದರಲ್ಲಿ ಹೋಗುತ್ತದೆ ಅಂತ ಹುಡುಕುತ್ತೇನೆ. ಆಫ್ರಿಕಾದ ದೇಶಗಳು 'ಚೀನಾದ ಸಾಲದ ಬಲೆಗೆ ಬಿದ್ದವು' ಅಂತ ಯಾರಾದರೂ ಹೇಳಿದಾಗಲೂ ಇದನ್ನೇ ಕೇಳುತ್ತೇನೆ. ಕೀನ್ಯಾದ ರೈಲು ಇದಕ್ಕೆ ಒಳ್ಳೆಯ ಉದಾಹರಣೆ.

ಮೊಂಬಾಸಾ ಬಂದರಿನಿಂದ ರಾಜಧಾನಿ ನೈರೋಬಿಗೆ ಹೊಸ ಮಾರ್ಗ 2017ರ ಮೇ 31ರಂದು ಉದ್ಘಾಟನೆಯಾಯಿತು. ಉದ್ದ ಸುಮಾರು 470 ಕಿಲೋಮೀಟರ್. ಹಳೆಯ ಮೀಟರ್ ಗೇಜ್ ಹಳಿಯನ್ನು ಬ್ರಿಟಿಷರು 1896ರಿಂದ 1901ರವರೆಗೆ ಹಾಕಿಸಿದ್ದರು. ಅದಕ್ಕೆ ಭಾರತದಿಂದ ಸುಮಾರು 32,000 ಕೂಲಿಗಳನ್ನು ಒಯ್ದಿದ್ದರು. ಅವರಲ್ಲಿ ಸುಮಾರು 2,500 ಮಂದಿ ಊರಿಗೆ ವಾಪಸಾಗಲೇ ಇಲ್ಲ, ಅಲ್ಲೇ ಸತ್ತರು. ನೂರು ವರ್ಷ ದಾಟಿದ ಆ ಹಳಿಯ ಬದಲು ಹೊಸದು ಬೇಕೇ ಬೇಕಿತ್ತು. ಅದರಲ್ಲಿ ನನಗೆ ಅನುಮಾನವಿಲ್ಲ.

ಹೊಸ ಹಳಿಗೆ 2014ರಲ್ಲಿ ಚೀನಾದ ಸರ್ಕಾರಿ ಎಕ್ಸಿಮ್ ಬ್ಯಾಂಕು 300 ಕೋಟಿ ಡಾಲರಿಗೂ ಜಾಸ್ತಿ ಸಾಲ ಕೊಟ್ಟಿತು. ಕಟ್ಟಿದ್ದೂ ಚೀನಾದ ಸರ್ಕಾರಿ ಕಂಪನಿಯೇ. ಸಾಲದಲ್ಲಿ ಎರಡು ಭಾಗ. ಒಂದಕ್ಕೆ ಶೇ. 2ರ ನಿಗದಿ ಬಡ್ಡಿ. ಇನ್ನೊಂದಕ್ಕೆ ಆರು ತಿಂಗಳ ಲಂಡನ್ ಬ್ಯಾಂಕ್ ದರ (ಬ್ಯಾಂಕುಗಳು ತಮ್ಮತಮ್ಮೊಳಗೆ ಡಾಲರ್ ಸಾಲ ಕೊಡುವ ದರ), ಅದರ ಮೇಲೆ ಶೇ. 3.6. ನಮ್ಮ ಮನೆ ಸಾಲದ ಫ್ಲೋಟಿಂಗ್ ಬಡ್ಡಿ ಇದ್ದ ಹಾಗೆ. ನನ್ನ ಕಣ್ಣು ನಿಲ್ಲುವುದು ಈ ಎರಡನೆಯದರ ಮೇಲೆ.

100 ಡಾಲರ್ ಸಾಲ ಅಂತಲೇ ಇಟ್ಟುಕೊಳ್ಳೋಣ. 2014ರಲ್ಲಿ ಲಂಡನ್ ದರ ಶೇ. ಅರ್ಧಕ್ಕಿಂತ ಕಡಿಮೆಯಿತ್ತು. ಅಂದರೆ ವರ್ಷದ ಬಡ್ಡಿ ಸುಮಾರು 4 ಡಾಲರ್. ಆಗ ಡಾಲರಿಗೆ ಕೀನ್ಯಾದ 88 ಶಿಲ್ಲಿಂಗ್, ಹಾಗಾಗಿ ಬಡ್ಡಿ ಸುಮಾರು 350 ಶಿಲ್ಲಿಂಗ್. ಅಮೆರಿಕದಲ್ಲಿ ಬಡ್ಡಿ ಏರುತ್ತಾ ಹೋಗಿ, 2023ರ ಕೊನೆಗೆ, ಲಂಡನ್ ದರದ ಜಾಗಕ್ಕೆ ಬಂದ ಆಧಾರ ದರವೇ ಶೇ. 5 ದಾಟಿತು. ಬಡ್ಡಿ 9 ಡಾಲರ್ ಆಯಿತು. ಡಾಲರ್ ಬೆಲೆ 156 ಶಿಲ್ಲಿಂಗ್ ಮುಟ್ಟಿತ್ತು. ಲೆಕ್ಕ ಹಾಕಿ, ಸುಮಾರು 1,400 ಶಿಲ್ಲಿಂಗ್! ಸಾಲ ಅದೇ 100 ಡಾಲರ್, ಬಡ್ಡಿ ಮಾತ್ರ ನಾಲ್ಕು ಪಟ್ಟು. ಕೀನ್ಯಾದವರು ಏನೂ ತಪ್ಪು ಮಾಡದಿದ್ದರೂ ಹೀಗೇ ಆಗುತ್ತಿತ್ತು.

ರೈಲಿನ ದುಡಿಮೆ ಬರುವುದು ಶಿಲ್ಲಿಂಗ್‌ನಲ್ಲಿ. ನೈರೋಬಿಗೆ ಎಕಾನಮಿ ಟಿಕೆಟ್ 1,000 ಶಿಲ್ಲಿಂಗ್ ಇತ್ತು. 2024ರ ಜನವರಿ 1ರಿಂದ 1,500 ಮಾಡಿದರು. ಪ್ರಯಾಣಿಕರಿಗೆ ಒಂದೇ ಏಟಿಗೆ ಅರ್ಧದಷ್ಟು ಹೆಚ್ಚಿಗೆ ಹೊರೆ. ಆದರೂ ಡಾಲರಿನಲ್ಲಿ ನೋಡಿದರೆ ಆ 1,500, ಸಾಲ ಮಾಡಿದ ಕಾಲದ 1,000 ಶಿಲ್ಲಿಂಗ್‌ನ ಬೆಲೆಗಿಂತ ಕಡಿಮೆಯೇ.

ಇನ್ನು ಸರಕು. ಇಷ್ಟು ಸರಕು ರೈಲಿಗೆ ಸಿಕ್ಕೇ ಸಿಗುತ್ತದೆ ಅಂತ ಮೊಂಬಾಸಾ ಬಂದರನ್ನು ನಡೆಸುವ ಕೀನ್ಯಾ ಬಂದರು ಪ್ರಾಧಿಕಾರ ಬರೆದುಕೊಟ್ಟಿತ್ತು. ಕಡಿಮೆಯಾದರೆ ಅದರ ಹಣವನ್ನು ಬಂದರೇ ತುಂಬಿಕೊಡಬೇಕು. ಸಾಲ ಕೊಡುವವರು ಇಂಥ ಭರವಸೆ ಕೇಳುವುದು ನನ್ನ ಕಸುಬಿನಲ್ಲಿ ಮಾಮೂಲಿ. ಆದರೆ ಆ ಭರವಸೆ ಉಳಿಸಿಕೊಳ್ಳಲು ಕಂಟೇನರುಗಳನ್ನು ರೈಲಿಗೇ ತಿರುಗಿಸಬೇಕಾಯಿತು. ಆಮದಾದ ಕಂಟೇನರುಗಳು ರೈಲಿನಲ್ಲೇ ಹೋಗಬೇಕು ಅಂತ 2019ರ ಆಗಸ್ಟ್‌ನಲ್ಲಿ ಆದೇಶ ಬಂದಾಗ ಮೊಂಬಾಸಾದ ಜನ ಬೀದಿಗೆ ಇಳಿದರು. ಲಾರಿ ಮಾಲೀಕರು, ಚಾಲಕರು, ಸುಂಕ ಕಟ್ಟಿ ಸರಕು ಬಿಡಿಸುವ ಏಜೆಂಟರು, ಗೋದಾಮಿನ ಹಮಾಲರು, ಎಲ್ಲರ ಅನ್ನವೂ ನೈರೋಬಿಯ ಕಂಟೇನರ್ ಡಿಪೋಗೆ ಹೊರಟಿತ್ತು. ಹೆದ್ದಾರಿಯ ಮ್ಟಿಟೊ ಆಂಡೇಯಿಯಂಥ ಊರುಗಳು ಲಾರಿಯವರ ಊಟ, ನಿದ್ದೆಯಿಂದಲೇ ಬದುಕಿದವು. 2022ರ ಸೆಪ್ಟೆಂಬರ್‌ನಲ್ಲಿ ಹೊಸ ಅಧ್ಯಕ್ಷ ವಿಲಿಯಂ ರೂಟೊ ಸರಕು ಬಿಡಿಸುವ ಕೆಲಸವನ್ನು ಮೊಂಬಾಸಾಕ್ಕೆ ವಾಪಸು ಕೊಟ್ಟರು. ಇದನ್ನೇ ನಾನು ಅವಲಂಬನೆ ಅನ್ನುವುದು. ಒಂದು ಬಂದರಿನ ಕೆಲಸಗಾರರ ಹೊಟ್ಟೆಪಾಡನ್ನು, ಅವರು ಕಣ್ಣಲ್ಲೂ ನೋಡಿರದ ಕಾಗದದ ಒಂದು ಷರತ್ತು ತೀರ್ಮಾನಿಸಿತು, ಅಲ್ವಾ?

ನೋಡಿರದ ಕಾಗದ ಅಂತ ಸುಮ್ನೆ ಹೇಳಲಿಲ್ಲ. ಕರಾರನ್ನು ಗುಟ್ಟಾಗಿಡಬೇಕು ಅನ್ನುವ ಷರತ್ತು ಅದರೊಳಗೇ ಇತ್ತು. ಕೆಲವು ಭಾಗಗಳನ್ನು ಸರ್ಕಾರ ಹೊರಗೆ ಹಾಕಿದ್ದು 2022ರ ನವೆಂಬರ್‌ನಲ್ಲಿ, ಸಹಿಯಾಗಿ ಎಂಟು ವರ್ಷದ ಮೇಲೆ. ತಕರಾರು ಬಂದರೆ ಚೀನಾದ ಕಾನೂನಿನ ಪ್ರಕಾರ, ಬೀಜಿಂಗ್‌ನಲ್ಲಿ ತೀರ್ಮಾನ ಅಂತಲೂ ಅದರಲ್ಲಿತ್ತು.

ಚೀನಾವೊಂದನ್ನೇ ದೂರುವುದು ನನಗೆ ಸರಿ ಕಾಣುವುದಿಲ್ಲ. 2024ರ ಫೆಬ್ರುವರಿಯಲ್ಲಿ ಹಳೆಯ ಡಾಲರ್ ಬಾಂಡ್ ತೀರಿಸಲು ಕೀನ್ಯಾ ಪಶ್ಚಿಮದ ಹೂಡಿಕೆದಾರರಿಂದ 150 ಕೋಟಿ ಡಾಲರ್ ಎತ್ತಿತು. ಅವರು ಪಡೆದ ಬಡ್ಡಿ ಶೇ. 10ಕ್ಕೂ ಹೆಚ್ಚು. ಅದೇ ವರ್ಷ ಜೂನ್‌ನಲ್ಲಿ, ಸಾಲದ ಹೊರೆ ಇಳಿಸಲು ತರಹೊರಟ ಹೊಸ ತೆರಿಗೆಗಳ ವಿರುದ್ಧ ನೈರೋಬಿಯ ಹುಡುಗ ಹುಡುಗಿಯರು ಸಂಸತ್ತಿಗೇ ನುಗ್ಗಿದರು. ಎಷ್ಟೋ ಜೀವ ಹೋಯಿತು.

2025ರ ಅಕ್ಟೋಬರ್‌ನಲ್ಲಿ ಕೀನ್ಯಾ ಈ ರೈಲು ಸಾಲಗಳನ್ನು ಡಾಲರಿನಿಂದ ಚೀನಾದ ಯುವಾನ್‌ಗೆ ಬದಲಿಸಿಕೊಂಡಿತು. ವರ್ಷಕ್ಕೆ ಸುಮಾರು 21.5 ಕೋಟಿ ಡಾಲರ್ ಉಳಿಯುತ್ತದೆ ಅಂತ ಹಣಕಾಸು ಸಚಿವ ಜಾನ್ ಎಂಬಾಡಿ ಹೇಳಿದರು. ಬಡ್ಡಿ ಇಳಿದದ್ದು ಒಳ್ಳೆಯದೇ, ನಾನಾಗಿದ್ದರೂ ಇದನ್ನು ಒಪ್ಪುತ್ತಿದ್ದೆ. ಆದರೆ ಕೀನ್ಯಾ ಚೀನಾದಿಂದ ಕೊಳ್ಳುವುದು ರಾಶಿ ರಾಶಿ, ಚೀನಾಕ್ಕೆ ಮಾರುವುದು ಬಹಳ ಕಡಿಮೆ. ಕೀನ್ಯಾದ ಚಹಾ, ಹೂವುಗಳಿಗೆ ಹೆಚ್ಚಾಗಿ ಬರುವುದು ಡಾಲರ್, ಯೂರೋ, ಪೌಂಡ್. ಕಂತು ಕಟ್ಟುವ ಯುವಾನನ್ನು ಅದು ಕೊಂಡೇ ತರಬೇಕು.