ಹಿಮದ ರಸ್ತೆಯಲ್ಲಿ ಹೆದರಬೇಕಾದ್ದು ಯಾವುದಕ್ಕೆ?

ಬೆಂಗಳೂರಿನಲ್ಲಿ ಕಾರು ಓಡಿಸಲು ಕಲಿತು ಟೊರಾಂಟೊಗೋ ಮಿನಿಯಾಪೊಲಿಸ್‌ಗೋ ಹೋದವರಿಗೆ ಮೊದಲ ಚಳಿಗಾಲದಲ್ಲಿ ಸಿಗುವ ಸಲಹೆ ಒಂದೇ: ‘ಧೈರ್ಯ ಮಾಡಿ, ಅಭ್ಯಾಸ ಆಗುತ್ತೆ’. ಇಷ್ಟು ಅಪಾಯದ ಸಲಹೆ ಇನ್ನೊಂದಿಲ್ಲ. ಹಿಮದ ಮೇಲೆ ಕಾರು ಓಡಿಸಲು ಹೆದರಿಕೆ ಆಗುವುದು ಸಹಜ, ಆಗಬೇಕು ಕೂಡ. ತೊಂದರೆ ಏನೆಂದರೆ ಬಹಳಷ್ಟು ಜನ ಹೆದರಬೇಕಾದ್ದಕ್ಕೆ ಹೆದರುವುದಿಲ್ಲ. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ, ಕಣ್ಣು ಹಾಯುವಷ್ಟು ದೂರ ಬೆಳ್ಳಗೆ ಬಿದ್ದ ಹಿಮ ಕಂಡರೆ ಕೈ ನಡುಗುತ್ತದೆ. ಉಷ್ಣಾಂಶ ಸೊನ್ನೆಯ ಆಸುಪಾಸಿನಲ್ಲಿದ್ದು ರಸ್ತೆ ಬರೀ ಒದ್ದೆಯಾದಂತೆ ಕಪ್ಪಗೆ ಹೊಳೆಯುವಾಗ ಕಾಲು ತಾನಾಗಿ ಆಕ್ಸಿಲರೇಟರ್ ಒತ್ತುತ್ತದೆ. ಇದು ಉಲ್ಟಾ ಆಗಬೇಕು.

ಮಂಜುಗಡ್ಡೆ ಯಾಕೆ ಜಾರುತ್ತದೆ ಎಂದು ಕೇಳಿದರೆ ಇವತ್ತಿಗೂ ಬರುವ ಉತ್ತರ, ‘ಭಾರ ಬಿದ್ದಾಗ ಒತ್ತಡಕ್ಕೆ ಕರಗಿ ನೀರಾಗುತ್ತದೆ’. ಒತ್ತಡ ಹೆಚ್ಚಿದರೆ ಮಂಜುಗಡ್ಡೆಯ ಕರಗುವ ಬಿಂದು ಇಳಿಯುತ್ತದೆ ಎಂಬುದೇನೋ ನಿಜ. 1849ರಲ್ಲಿ ಜೇಮ್ಸ್ ಥಾಮ್ಸನ್ ಇದನ್ನು ಲೆಕ್ಕ ಹಾಕಿ ಹೇಳಿದ. ಮರುವರ್ಷ ಅವನ ತಮ್ಮ ವಿಲಿಯಂ, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಆದವನು, ಪ್ರಯೋಗ ಮಾಡಿ ತೋರಿಸಿದ. ಆದರೆ ಎಷ್ಟು ಇಳಿಯುತ್ತದೆ? ಒಂದು ಡಿಗ್ರಿ ಇಳಿಸಬೇಕಾದರೆ ಸುಮಾರು 135 ವಾಯುಮಂಡಲದಷ್ಟು, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ 135 ಪಟ್ಟು, ಒತ್ತಡ ಬೇಕು. ಕಾರಿನ ಟೈರು ನೆಲದ ಮೇಲೆ ಹಾಕುವ ಒತ್ತಡ ಹೆಚ್ಚೂಕಡಿಮೆ ಅದರೊಳಗಿನ ಗಾಳಿಯ ಒತ್ತಡದಷ್ಟೇ, ಅಂದರೆ ಎರಡು ಮೂರು ವಾಯುಮಂಡಲ. ಇದರಿಂದ ಕರಗುವ ಬಿಂದು ಇಳಿಯುವುದು ಡಿಗ್ರಿಯ ನೂರರಲ್ಲಿ ಎರಡು ಪಾಲು! ನೂರೈವತ್ತು ವರ್ಷಗಳಿಗೂ ಹಿಂದೆ ಗೊತ್ತಿದ್ದ ಈ ಲೆಕ್ಕವನ್ನು ಮಾಡಿ ನೋಡದೆಯೇ ಒತ್ತಡದ ಕಥೆ ಪಠ್ಯಗಳಲ್ಲಿ ಉಳಿದುಕೊಂಡಿತು.

ಸರಿಯಾದ ಸುಳಿವು ಸಿಕ್ಕಿದ್ದೂ ಅದೇ ಕಾಲದಲ್ಲಿ. ಎರಡು ಮಂಜುಗಡ್ಡೆಗಳನ್ನು ತಾಗಿಸಿದರೆ ಅಂಟಿಕೊಳ್ಳುವುದನ್ನು ಗಮನಿಸಿದ ಮೈಕೆಲ್ ಫ್ಯಾರಡೆ, ಗಡ್ಡೆಯ ಮೇಲ್ಮೈಯಲ್ಲಿ ಯಾವಾಗಲೂ ನೀರಿನಂಥ ತೆಳು ಪದರ ಇರುತ್ತದೆ ಎಂದು 1850ರಲ್ಲಿ ಹೇಳಿದ. ಹೆಚ್ಚಿನವರು ಒಪ್ಪಲಿಲ್ಲ. ಆತ ಹೇಳಿದ್ದು ಸರಿಯಾಗಿಯೇ ಇತ್ತು: ಗಡ್ಡೆಯ ಒಳಗಿನ ನೀರಿನ ಅಣುವನ್ನು ನೆರೆಯವರು ಎಲ್ಲ ಕಡೆಯಿಂದ ಹಿಡಿದಿರುತ್ತಾರೆ, ಮೇಲ್ಮೈಯ ಅಣುವಿಗೆ ಮೇಲಿನಿಂದ ಹಿಡಿಯುವವರೇ ಇಲ್ಲ, ಅದು ಸಡಿಲವಾಗಿ ಓಡಾಡಿಕೊಂಡಿರುತ್ತದೆ. ಉಜ್ಜಿದಾಗ ಹುಟ್ಟುವ ಶಾಖವೂ ಮೇಲ್ಪದರವನ್ನು ಕರಗಿಸುತ್ತದೆ ಎಂದು 1939ರಲ್ಲಿ ಬೌಡನ್ ಮತ್ತು ಹ್ಯೂಸ್ ತೋರಿಸಿದರು. ಸೊನ್ನೆಗೆ ಹತ್ತಿರವಾದಷ್ಟೂ ಈ ಪದರ ದಪ್ಪವಾಗುತ್ತದೆ, ಕರಗಿಸಲು ಬೇಕಾದ ಶಾಖವೂ ಕಡಿಮೆ. ಹಾಗಾಗಿಯೇ ಗಡಗಡ ನಡುಗಿಸುವ ಚಳಿಯಲ್ಲಿ ಗಟ್ಟಿಯಾದ ಗಡ್ಡೆಗಿಂತ, ಕರಗಲೋ ಬೇಡವೋ ಎಂಬಂತಿರುವ ಗಡ್ಡೆ ಟೈರಿಗೆ ದೊಡ್ಡ ಶತ್ರು.

ಈಗ ಸ್ವಲ್ಪ ಅಂಕಿ. ಒಣ ಡಾಂಬರಿನ ಮೇಲೆ ಟೈರಿನ ಘರ್ಷಣಾಂಕ, ಅಂದರೆ ಹಿಡಿತದ ಅಳತೆ, ಸುಮಾರು 0.7. ತುಳಿದು ಗಟ್ಟಿಯಾದ ಹಿಮದ ಮೇಲೆ 0.2, ಒದ್ದೆ ಗಡ್ಡೆಯ ಮೇಲೆ 0.1 ಅಥವಾ ಅದಕ್ಕೂ ಕಡಿಮೆ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಬ್ರೇಕ್ ಒತ್ತಿದರೆ ಕಾರು ನಿಲ್ಲಲು ಬೇಕಾದ ದೂರ ಒಣ ರಸ್ತೆಯಲ್ಲಿ 14 ಮೀಟರ್, ಹಿಮದಲ್ಲಿ 49, ಗಡ್ಡೆಯ ಮೇಲೆ 98. ಕಾಲು ಬ್ರೇಕಿಗೆ ಬರುವ ಮೊದಲೇ ಕಳೆಯುವ ದೂರ ಇದರಲ್ಲಿ ಸೇರಿಲ್ಲ. ಸಮಾಧಾನದ ಸಂಗತಿಯೆಂದರೆ ಈ ದೂರ ವೇಗದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ವೇಗವನ್ನು 25ಕ್ಕೆ ಇಳಿಸಿದರೆ 98 ಮೀಟರ್ ಅರ್ಧವಲ್ಲ, ಕಾಲುಭಾಗ ಆಗುತ್ತದೆ. ತಿರುವಿನಲ್ಲೂ ಹೀಗೆಯೇ: 50 ಮೀಟರ್ ತ್ರಿಜ್ಯದ ತಿರುವನ್ನು ಒಣ ರಸ್ತೆಯಲ್ಲಿ 60ರಲ್ಲಿ ದಾಟಬಹುದು, ಗಡ್ಡೆಯ ಮೇಲೆ 25 ಮೀರಿದರೆ ಕಾರು ನೇರ ಹೊರಗೆ. ಮುಂದಿನ ವಾಹನಕ್ಕೂ ನಿಮಗೂ ಎಂಟು ಸೆಕೆಂಡಿನ ಅಂತರವಿರಲಿ ಎನ್ನುವುದು ಈ ಲೆಕ್ಕದಿಂದಲೇ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಪಳಗಿದವರಿಗೆ ಇದು ಬಲು ಕಷ್ಟ. ಅಲ್ಲಿ ಒಂದು ಆಟೋ ಹಿಡಿಸುವಷ್ಟು ಜಾಗ ಬಿಟ್ಟರೆ ಎರಡು ನುಗ್ಗುತ್ತವೆ.

ಹಿಮದ ಚಾಲನೆಯಲ್ಲಿ ಒಂದೇ ಒಂದು ವಿಷಯ ಕಲಿಯುವುದಾದರೆ ಇದನ್ನು ಕಲಿಯಿರಿ: ಟೈರಿನ ಹಿಡಿತ ಒಂದೇ ನಿಧಿ, ಅದರಿಂದಲೇ ಬ್ರೇಕ್, ಅದರಿಂದಲೇ ತಿರುವು, ಅದರಿಂದಲೇ ವೇಗ. ನಲ್ಲಿಯಲ್ಲಿ ಎರಡೇ ಕೊಡ ನೀರು ಬಂದ ದಿನ ಸ್ನಾನಕ್ಕೆ ಸುರಿದದ್ದು ಅಡುಗೆಗೆ ಇರುವುದಿಲ್ಲ. ಗಡ್ಡೆಯ ಮೇಲೆ ಬ್ರೇಕನ್ನು ಪೂರ್ತಿ ಒತ್ತಿ ಚಕ್ರ ತಿರುಗದೆ ಕಚ್ಚಿಕೊಂಡರೆ ಹಿಡಿತವೆಲ್ಲ ಅಲ್ಲೇ ಖರ್ಚು. ಸ್ಟೀರಿಂಗನ್ನು ಎಷ್ಟೇ ತಿರುಗಿಸಿ, ಕಾರು ನೇರವೇ ಹೋಗುತ್ತದೆ. ಆದರೆ ಇಲ್ಲಿ ಭೌತವಿಜ್ಞಾನ ನೀರಿನ ಲೆಕ್ಕಕ್ಕಿಂತ ಉದಾರಿ. ಬ್ರೇಕಿನ ಬಲ ಮತ್ತು ತಿರುವಿನ ಬಲ ಒಂದಕ್ಕೊಂದು ಲಂಬವಾಗಿರುವುದರಿಂದ ಅವನ್ನು ನೇರವಾಗಿ ಕೂಡುವಂತಿಲ್ಲ. ವರ್ಗ ಮಾಡಿ ಕೂಡಬೇಕು, ಲಂಬಕೋನ ತ್ರಿಭುಜದಂತೆ. ಹಿಡಿತದ ಶೇ. 80 ಬ್ರೇಕಿಗೆ ಹೋದರೂ ತಿರುವಿಗೆ ಉಳಿಯುವುದು ಶೇ. 20 ಅಲ್ಲ, 60. ಪೂರ್ತಿ ನೂರಕ್ಕೆ ಒತ್ತಿದರೆ ಮಾತ್ರ ಸೊನ್ನೆ. ಅಂದರೆ ಬ್ರೇಕಿನಿಂದ ಕಾಲನ್ನು ತುಸುವೇ ಸಡಿಲಿಸಿದರೂ ಸ್ಟೀರಿಂಗಿಗೆ ದಂಡಿಯಾಗಿ ಜೀವ ಬರುತ್ತದೆ. ಗಾಬರಿಯಾದ ಕಾಲು ಮಾಡದ ಕೆಲಸ ಇದೊಂದೇ.

ಆ ಕೆಲಸವನ್ನು ಕಾಲಿನ ಬದಲು ಮಾಡಲೆಂದೇ 1978ರಲ್ಲಿ ಬಾಷ್ ಕಂಪನಿಯ ಎಬಿಎಸ್, ಅಂದರೆ ಚಕ್ರ ಕಚ್ಚಿಕೊಳ್ಳದಂತೆ ನೋಡಿಕೊಳ್ಳುವ ಬ್ರೇಕ್ ವ್ಯವಸ್ಥೆ, ಮರ್ಸಿಡಿಸ್ ಎಸ್-ಕ್ಲಾಸ್ ಕಾರಿನಲ್ಲಿ ಬಂತು. ಚಕ್ರ ಕಚ್ಚಿಕೊಳ್ಳುವ ಸೂಚನೆ ಕಂಡೊಡನೆ ಅದು ಬ್ರೇಕನ್ನು ಸೆಕೆಂಡಿಗೆ ಹಲವು ಬಾರಿ ಬಿಟ್ಟು ಬಿಟ್ಟು ಹಿಡಿಯುತ್ತದೆ. ಆಗ ಪೆಡಲ್ ಪಾದದಡಿ ಗಟಗಟ ಒದೆಯುತ್ತದೆ, ಕೆಳಗಿನಿಂದ ಕರಕರ ಸದ್ದು ಬರುತ್ತದೆ. ಏನೋ ಮುರಿಯಿತು ಎಂದುಕೊಂಡು ಕಾಲು ತೆಗೆಯುವವರೇ ಹೆಚ್ಚು. ತೆಗೆಯಬಾರದು, ಒತ್ತಿ ಹಿಡಿದೇ, ಹೋಗಬೇಕಾದ ಕಡೆ ಸ್ಟೀರಿಂಗ್ ತಿರುಗಿಸಬೇಕು. ಇನ್ನೊಂದು ಮಾತು: ಎಬಿಎಸ್ ಎಂದರೆ ಬೇಗ ನಿಲ್ಲುವ ಯಂತ್ರವಲ್ಲ. ಸಡಿಲ ಹಿಮದಲ್ಲಿ ಕಚ್ಚಿಕೊಂಡ ಚಕ್ರದ ಮುಂದೆ ಹಿಮ ಗುಡ್ಡೆಯಾಗಿ ತಡೆಯುತ್ತದೆ, ಎಬಿಎಸ್ ಆ ಗುಡ್ಡೆ ಕಟ್ಟಲು ಬಿಡುವುದಿಲ್ಲ, ನಿಲ್ಲುವ ದೂರ ತುಸು ಹೆಚ್ಚೇ ಆಗಬಹುದು. ಅದು ಉಳಿಸಿಕೊಡುವುದು ತಿರುವನ್ನು.

ಇದನ್ನೆಲ್ಲ ಓದಿ ಹೆದರಿಕೆ ಹೋಗುವುದಿಲ್ಲ, ಪಾದಕ್ಕೆ ಪರಿಚಯವಾಗಬೇಕು. ಹಿಮ ಬಿದ್ದ ಮೇಲೆ, ಅನುಮತಿ ಇರುವ ಖಾಲಿ ಪಾರ್ಕಿಂಗ್ ಮೈದಾನ ಹುಡುಕಿ. ದೀಪದ ಕಂಬ, ಹಿಮದಡಿ ಮುಚ್ಚಿಹೋದ ಕಲ್ಲಂಚು ಎಲ್ಲಿವೆ ಎಂದು ಮೊದಲು ನಡೆದು ನೋಡಿಕೊಳ್ಳಿ. ಬೂಟಿನ ತಳದ ಹಿಮ ಒರೆಸಿ, ಇಲ್ಲದಿದ್ದರೆ ಪೆಡಲಿನಿಂದಲೇ ಕಾಲು ಜಾರುತ್ತದೆ. ಗಂಟೆಗೆ 20 ಕಿ.ಮೀ.ಗೆ ಏರಿಸಿ ಬ್ರೇಕನ್ನು ಗಟ್ಟಿಯಾಗಿ ಒತ್ತಿ, ಪೆಡಲ್ ಒದೆಯುವುದು ಗೊತ್ತಾಗಲಿ. ಆಮೇಲೆ ಅದೇ ವೇಗದಲ್ಲಿ ಸ್ಟೀರಿಂಗನ್ನು ಬೇಕೆಂದೇ ಅತಿಯಾಗಿ ತಿರುಗಿಸಿ: ಕಾರು ತಿರುಗದೆ ಮುಂದಕ್ಕೆ ಜಾರುತ್ತದೆ. ಇನ್ನಷ್ಟು ತಿರುಗಿಸಬೇಕೆಂದು ಕೈ ತವಕಿಸುತ್ತದೆ. ಆಕ್ಸಿಲರೇಟರ್ ಬಿಟ್ಟು, ಸ್ಟೀರಿಂಗನ್ನು ತುಸು ಹಿಂದಕ್ಕೆ ತನ್ನಿ, ಮುಂದಿನ ಚಕ್ರಗಳಿಗೆ ಮತ್ತೆ ಹಿಡಿತ ಸಿಗುತ್ತದೆ. ಹಿಂಭಾಗವೇ ಬಲಕ್ಕೆ ಜಾರಿದರೆ ಸ್ಟೀರಿಂಗ್ ಬಲಕ್ಕೆ, ಎಡಕ್ಕೆ ಜಾರಿದರೆ ಎಡಕ್ಕೆ, ನೇರವಾಗುತ್ತಿದ್ದಂತೆ ವಾಪಸ್. ಬ್ರೇಕ್ ಮುಟ್ಟಬೇಡಿ.

ಜಾರುವ ಕಾರನ್ನು ಹಿಡಿತಕ್ಕೆ ತರುವುದರಲ್ಲಿ ನಿಪುಣರಾಗುವ ಆಸೆ ಮಾತ್ರ ಬೇಡ. ನಾರ್ವೆಯಲ್ಲಿ ಹೊಸ ಚಾಲಕರಿಗೆ ಜಾರು ಮೈದಾನದ ತರಬೇತಿ ಕಡ್ಡಾಯ ಮಾಡಿದಾಗ ಎಳೆಯ ಗಂಡಸರ ಅಪಘಾತ ಕಡಿಮೆಯಾಗುವ ಬದಲು ಹೆಚ್ಚಿತು ಎಂದು 1980ರ ದಶಕದ ಅಧ್ಯಯನ ತೋರಿಸಿತು. ನಿಭಾಯಿಸಬಲ್ಲೆ ಎಂಬ ಹುಮ್ಮಸ್ಸು ವೇಗವನ್ನು ಹೆಚ್ಚಿಸಿತ್ತು. ನಾರ್ಡಿಕ್ ದೇಶಗಳ ತರಬೇತಿ ಆಮೇಲೆ ದಿಕ್ಕು ಬದಲಿಸಿ, ಹಿಡಿತ ಎಷ್ಟು ಬೇಗ ಕೈಬಿಡುತ್ತದೆ ಎಂಬುದನ್ನು ಅನುಭವಕ್ಕೆ ತರುವುದಕ್ಕೆ ಒತ್ತು ಕೊಟ್ಟಿತು.

ಆಯುಧಪೂಜೆಯ ದಿನ ಚಕ್ರದಡಿ ನಿಂಬೆಹಣ್ಣು ಇಡುವವರ ಜೊತೆ ಜಗಳವಿಲ್ಲ, ಚಕ್ರದ ರಬ್ಬರು ಯಾವುದು ಎಂದೂ ನೋಡಿದರಾಯಿತು. ಸಾಮಾನ್ಯ ಟೈರಿನ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗೆ ಬಿರುಸಾಗತೊಡಗುತ್ತದೆ. ಚಳಿಗಾಲದ ಟೈರು ಮೃದುವಾಗಿಯೇ ಇರುತ್ತದೆ. ಅದರ ಮೇಲಿನ ಸಣ್ಣ ಸೀಳುಗಳು ನೀರಿನ ಪದರವನ್ನು ಸರಿಸಿ ಅಂಚುಗಳಿಂದ ಗಡ್ಡೆಯನ್ನು ಕಚ್ಚುತ್ತವೆ. ಪಕ್ಕದಲ್ಲಿ ಮೂರು ಶಿಖರಗಳ ಬೆಟ್ಟ, ಒಳಗೆ ಹಿಮದ ಹರಳು ಇರುವ ಗುರುತು ನೋಡಿ ಕೊಳ್ಳಿ. ನಾಲ್ಕೂ ಚಕ್ರಕ್ಕೆ ಹಾಕಿಸಬೇಕು. ಮುಂದಿನ ಎರಡಕ್ಕೆ ಮಾತ್ರ ಹಾಕಿ ಉಳಿಸಿದ ದುಡ್ಡು, ತಿರುವಿನಲ್ಲಿ ಹಿಂಭಾಗ ಗಿರ್ರನೆ ತಿರುಗಿದಾಗ ಹೋಗುತ್ತದೆ. ಕೆನಡಾದ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಇದು ಕಾನೂನೇ. ನಿಂಬೆಹಣ್ಣಿಗಿಂತ ದೊಡ್ಡ ಮೂಢನಂಬಿಕೆ ‘ನನ್ನದು ಫೋರ್ ವೀಲ್ ಡ್ರೈವ್’ ಎಂಬುದು. ಅದು ಹೊರಡಲು ನೆರವಾಗುತ್ತದೆ. ನಿಲ್ಲುವಾಗ ಎಲ್ಲ ಕಾರಿಗೂ ಬ್ರೇಕ್ ನಾಲ್ಕೂ ಚಕ್ರಕ್ಕೇ ಇದೆ, ಎಸ್‌ಯುವಿಗೆ ಭಾರ ಮಾತ್ರ ಜಾಸ್ತಿ.

ಕಪ್ಪು ಗಡ್ಡೆ, ಅಂದರೆ ಬ್ಲ್ಯಾಕ್ ಐಸ್, ನಿಜಕ್ಕೂ ಕಪ್ಪಲ್ಲ. ಪಾರದರ್ಶಕವಾದ್ದರಿಂದ ಕೆಳಗಿನ ಡಾಂಬರು ಕಾಣುತ್ತದೆ. ಸೇತುವೆಯ ಮೇಲೆ ಮೊದಲು ಕಟ್ಟುತ್ತದೆ, ಏಕೆಂದರೆ ಅಲ್ಲಿ ತಣ್ಣನೆ ಗಾಳಿ ಕೆಳಗಿನಿಂದಲೂ ಬೀಸುತ್ತದೆ, ನೆಲದ ಶಾಖ ಸಿಗುವುದಿಲ್ಲ. ಮೋಡವಿಲ್ಲದ ರಾತ್ರಿ ರಸ್ತೆಯ ಮೇಲ್ಮೈ ಗಾಳಿಗಿಂತ ಹೆಚ್ಚು ತಣ್ಣಗಾಗುತ್ತದೆ, ಆದ್ದರಿಂದ ಡ್ಯಾಶ್‌ಬೋರ್ಡ್ 2 ಡಿಗ್ರಿ ತೋರಿಸಿದರೂ ರಸ್ತೆ ಹೆಪ್ಪುಗಟ್ಟಿರಬಹುದು. ರಸ್ತೆ ಒದ್ದೆಯಾಗಿ ಕಾಣುತ್ತಿದ್ದೂ ಮುಂದಿನ ಕಾರಿನ ಟೈರಿನಿಂದ ನೀರು ಎರಚುತ್ತಿಲ್ಲವಾದರೆ ಅದು ನೀರಲ್ಲ. ಉಪ್ಪು ಹಾಕಿದ್ದಾರೆ ಎಂದೂ ಮೈಮರೆಯಬಾರದು: ಸಾಮಾನ್ಯ ಉಪ್ಪು ಮೈನಸ್ 10ರ ಆಸುಪಾಸಿನಲ್ಲೇ ಸೋಲುತ್ತದೆ.

ಹಿಮಾಚಲದ ಅಟಲ್ ಸುರಂಗ 2020ರಲ್ಲಿ ತೆರೆದ ಮೇಲೆ ಮನಾಲಿಯಿಂದ ಸುರಂಗದಾಚೆಯ ಸಿಸ್ಸುಗೆ ಚಳಿಗಾಲದಲ್ಲೂ ಕಾರು ಹೋಗುತ್ತದೆ, ನಮ್ಮೂರಿನಿಂದ ಹೋದ ಪ್ರವಾಸಿಗರೂ ಬಾಡಿಗೆ ಕಾರಿನಲ್ಲಿ ಹೊರಡುತ್ತಾರೆ. ಅದಕ್ಕೆ ಇರುವುದು ಬಹುಮಟ್ಟಿಗೆ ಬೇಸಿಗೆಯ ಟೈರೇ. ಅಲ್ಲಿ ಗತಿ ಟೈರ್ ಚೈನು, ಅಂದರೆ ಟೈರಿಗೆ ಸುತ್ತುವ ಸರಪಳಿ: ಎಂಜಿನ್ ತಿರುಗಿಸುವ ಚಕ್ರಗಳಿಗೆ, ಅಂದರೆ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಮುಂದಿನವಕ್ಕೆ, ಕಟ್ಟಬೇಕು. ಸ್ವಲ್ಪ ದೂರ ಹೋಗಿ ನಿಲ್ಲಿಸಿ ಸಡಿಲವಾಗಿದ್ದರೆ ಬಿಗಿಯಬೇಕು. ಇಳಿಜಾರಿನಲ್ಲಿ ಇಳಿಯುವ ಮುನ್ನವೇ ಮೊದಲ ಗೇರಿಗೆ ಹಾಕಿ, ಬ್ರೇಕಿನ ಕೆಲಸವನ್ನು ಎಂಜಿನ್ನಿಗೆ ಬಿಡಿ. ಬರಿಯ ಡಾಂಬರು ಬಂದ ಕೂಡಲೇ ಚೈನು ಬಿಚ್ಚಿ. ಅಲ್ಲಿ ಓಡಿಸಿದರೆ ಅದು ತುಂಡಾಗಿ ಚಕ್ರದ ಪಕ್ಕದ ಬ್ರೇಕ್ ಪೈಪಿಗೇ ಬಡಿಯಬಹುದು.