ರೈತನ ಮಗ ಮುಚ್ಚಿದ ಬಾಗಿಲು: ಸಮುರಾಯ್ ವರ್ಗ ರೂಪುಗೊಂಡು ಅಳಿದ ಬಗೆ

ರೈತರ ಬಳಿಯಿರುವ ಕತ್ತಿ, ಈಟಿ, ಬಿಲ್ಲು, ಬಂದೂಕುಗಳನ್ನೆಲ್ಲ ವಶಪಡಿಸಿಕೊಳ್ಳಬೇಕೆಂದು ಜಪಾನಿನ ಆಗಿನ ಅಧಿಪತಿ ತೊಯೊತೊಮಿ ಹಿದೆಯೊಶಿ 1588ರಲ್ಲಿ ಆಜ್ಞೆ ಹೊರಡಿಸಿದ. ಹೀಗೆ ಸಿಕ್ಕ ಕಬ್ಬಿಣ ಕ್ಯೋಟೊದ ಮಹಾಬುದ್ಧನ ಮಂದಿರಕ್ಕೆ ಮೊಳೆಯಾಗಿ ಸಲ್ಲುವುದರಿಂದ ರೈತರಿಗೆ ಇಹಪರಗಳೆರಡರಲ್ಲೂ ಒಳಿತಾಗುವುದೆಂಬ ಆಶ್ವಾಸನೆ ಅದರಲ್ಲಿತ್ತು. ಆದರೆ ಆಯುಧವಿದ್ದವರು ಕಂದಾಯ ಕೊಡಲು ತಕರಾರು ಮಾಡುತ್ತಾರೆ, ದಂಗೆ ಏಳುತ್ತಾರೆ ಎಂಬ ನಿಜವಾದ ಕಾರಣವನ್ನೂ ಆಜ್ಞೆ ಮುಚ್ಚಿಟ್ಟಿರಲಿಲ್ಲ.

ಮಿನಾಮೊಟೊ ಯೊರಿತೊಮೊ 1192ರಲ್ಲಿ ಶೋಗನ್, ಅಂದರೆ ದೇಶವಾಳುವ ದಂಡನಾಯಕನ, ಪದವಿಗೇರಿದಾಗಿನಿಂದಲೂ ಆಡಳಿತದಲ್ಲಿ ಯೋಧರ ಕೈ ಮೇಲಾಗಿತ್ತು. ಆದರೂ ಉಳುವವನಿಗೂ ಕಾದುವವನಿಗೂ ನಡುವಿನ ಗೆರೆ ತೆಳುವಾಗಿಯೇ ಇದ್ದು, ಒಡೆಯ ಕರೆದಾಗ ಈಟಿ ಹಿಡಿದು ಹೊರಡುವವರು ಹಳ್ಳಿಗಳಲ್ಲಿ ಬೇಕಾದಷ್ಟಿದ್ದರು. ಹಿದೆಯೊಶಿಯೇ ಅದಕ್ಕೆ ದೊಡ್ಡ ನಿದರ್ಶನ. ಒವಾರಿ ಪ್ರಾಂತ್ಯದ ಬಡ ಮನೆತನದಲ್ಲಿ ಹುಟ್ಟಿ, ಪ್ರಬಲ ಯುದ್ಧನಾಯಕ ಓದಾ ನೊಬುನಾಗನ ಬಳಿ ಕೆಳದರ್ಜೆಯ ಆಳಾಗಿ ಸೇರಿದ ಆತ, 1582ರಲ್ಲಿ ನೊಬುನಾಗ ತನ್ನದೇ ಸೇನಾನಿಯ ದ್ರೋಹಕ್ಕೆ ಬಲಿಯಾದಾಗ ಹದಿನೈದು ದಿನದೊಳಗೆ ಆ ದ್ರೋಹಿಯನ್ನು ಸೋಲಿಸಿ ಅಧಿಕಾರದ ದಾರಿ ಹಿಡಿದ. ತಾನು ಏರಿ ಬಂದ ಮೆಟ್ಟಿಲನ್ನು ಇನ್ನೊಬ್ಬ ಏರದಂತೆ ನೋಡಿಕೊಂಡವನೂ ಆತನೇ. ಸಮುರಾಯ್ ಎಂಬುದು ಹುಟ್ಟಿನಿಂದ ಬರುವ, ಹೊರಗಿನವರಿಗೆ ಬಹುಮಟ್ಟಿಗೆ ಮುಚ್ಚಿದ ಯೋಧರ ವರ್ಗವಾಗಿ ಗಟ್ಟಿಗೊಂಡದ್ದು ಇಲ್ಲಿಂದ.

ಹಿದೆಯೊಶಿಯ ಕಾಲಾನಂತರ ಸೆಕಿಗಾಹಾರಾ ಕದನವನ್ನು 1600ರಲ್ಲಿ ಗೆದ್ದ ತೊಕುಗಾವಾ ಇಯೆಯಾಸು 1603ರಲ್ಲಿ ಶೋಗನ್ ಆದ. ಅನಂತರದ ಎರಡೂವರೆ ಶತಮಾನಗಳಲ್ಲಿ ದೊಡ್ಡ ಯುದ್ಧಗಳೇ ವಿರಳವಾದವು. ಅಕ್ಕಿಯ ಲೆಕ್ಕದಲ್ಲಿ ಸಂಬಳ ಪಡೆಯುತ್ತಿದ್ದ ಸಮುರಾಯ್ ಗುಮಾಸ್ತನಾದ, ಕಂದಾಯದ ಅಧಿಕಾರಿಯಾದ. ಕೆಳಸ್ತರದವರು ಸಾಲದಲ್ಲಿ ಮುಳುಗಿ ಮನೆಯಲ್ಲಿ ಕೊಡೆ ಕಟ್ಟಿ ಮಾರಿದ್ದೂ ಉಂಟು. ಅರವತ್ತಕ್ಕೂ ಹೆಚ್ಚು ದ್ವಂದ್ವಗಳಲ್ಲಿ ಸೋತಿಲ್ಲವೆಂದು ತಾನೇ ಬರೆದುಕೊಂಡ ಕತ್ತಿವರಸೆಗಾರ ಮಿಯಾಮೊಟೊ ಮುಸಾಶಿ ಈ ಶಾಂತಿಕಾಲಕ್ಕೆ ಸಲ್ಲದ ವ್ಯಕ್ತಿ. ಒಡೆಯನ ಸಾವಿಗೆ 1703ರಲ್ಲಿ ಸೇಡು ತೀರಿಸಿಕೊಂಡ ಒಡೆಯನಿಲ್ಲದ ಸಮುರಾಯ್‌ಗಳಿಗೆ ಜನ ಮೆಚ್ಚುಗೆ ಸೂಸಿದರೂ ಶೋಗನ್ ಸರ್ಕಾರ ಹೊಟ್ಟೆ ಬಗೆದುಕೊಂಡು ಸಾಯುವ ಶಿಕ್ಷೆಯನ್ನೇ ವಿಧಿಸಿತು.

ಈ ವರ್ಗವನ್ನು ಕೊನೆಗಾಣಿಸಿದವರೂ ಬಹುಪಾಲು ಸಮುರಾಯ್‌ಗಳೇ. ಶೋಗನ್ ಆಳ್ವಿಕೆಯನ್ನು 1868ರಲ್ಲಿ ಉರುಳಿಸಿ ಚಕ್ರವರ್ತಿ ಮೇಜಿಯ ಹೆಸರಿನಲ್ಲಿ ಆಳತೊಡಗಿದ ನಾಯಕರು 1873ರಲ್ಲಿ ಕಡ್ಡಾಯ ಸೇನಾಸೇವೆ ತಂದರು. 1876ರಲ್ಲಿ ಸಾರ್ವಜನಿಕವಾಗಿ ಕತ್ತಿ ಧರಿಸುವುದನ್ನು ನಿಷೇಧಿಸಿ, ವಂಶಪಾರಂಪರ್ಯದ ಸಂಬಳಕ್ಕೆ ಬದಲು ಸರ್ಕಾರಿ ಬಾಂಡ್ ಕೊಟ್ಟು ಕೈತೊಳೆದುಕೊಂಡರು. ಕತ್ತಿ ಹೋದದ್ದಕ್ಕಿಂತ ಸಂಬಳ ಹೋದದ್ದೇ ಹೆಚ್ಚಿನ ಮನೆಗಳಿಗೆ ದೊಡ್ಡ ಪೆಟ್ಟಾಗಿರಬೇಕು.

ಮರುವರ್ಷ ನೈಋತ್ಯ ಜಪಾನಿನ ಸತ್ಸುಮಾದಲ್ಲಿ ದಂಗೆಯ ಮುಂದಾಳಾದ ಸೈಗೊ ತಕಾಮೊರಿ, ಇದೇ ಹೊಸ ಸರ್ಕಾರವನ್ನು ಕಟ್ಟಿದವರಲ್ಲಿ ಒಬ್ಬ. ಆತನ ಪಡೆ ಕತ್ತಿಯೊಂದನ್ನೇ ನಂಬಿತ್ತೆಂಬುದು ದಂತಕಥೆ: ರೈಫಲ್, ಫಿರಂಗಿಗಳೂ ಅವರಲ್ಲಿದ್ದವು, ಬತ್ತಿದ್ದು ಮದ್ದುಗುಂಡು. ಸುಮಾರು ಏಳು ವಾರ ಮುತ್ತಿಗೆ ಹಾಕಿದರೂ ಸರ್ಕಾರಿ ಸೇನೆಯ ಕುಮಾಮೊಟೊ ಕೋಟೆ ಅವರ ಕೈಗೆ ಬರಲಿಲ್ಲ. ಒಳಗೆ ಕಾದು ನಿಂತವರಲ್ಲಿ ಸೇನೆಗೆ ಕಡ್ಡಾಯವಾಗಿ ಸೇರಿಸಲಾಗಿದ್ದ ರೈತರ ಮಕ್ಕಳಿದ್ದರು. 1877ರ ಸೆಪ್ಟೆಂಬರ್ 24ರಂದು ಕಾಗೊಶಿಮಾದ ಶಿರೊಯಾಮಾ ಗುಡ್ಡದಲ್ಲಿ ಸೈಗೊ ಮಡಿದ. ಹನ್ನೆರಡು ವರ್ಷಗಳ ಬಳಿಕ ಸರ್ಕಾರವೇ ಆತನಿಗೆ ಮರಣೋತ್ತರ ಕ್ಷಮಾದಾನ ನೀಡಿತು. 1898ರಲ್ಲಿ ಟೋಕಿಯೊದ ಉಯೆನೊ ಉದ್ಯಾನದಲ್ಲಿ ಪ್ರತಿಮೆಯೂ ಎದ್ದಿತು, ಸೇನಾಧಿಪತಿಯ ಸಮವಸ್ತ್ರದಲ್ಲಲ್ಲ, ನಾಯಿಯೊಂದಿಗೆ ಹೊರಟ ಸಾದಾ ಉಡುಪಿನಲ್ಲಿ.